ಮುಂಜಾನೆಯ ಗೂನು

ಒಂದು ಊರು ಎಷ್ಟು ಗಂಟೆಗೆ ಏಳುತ್ತದೆ ಎಂದು ತಿಳಿಯಲು ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಆ ಊರಿನ ವಿದ್ಯುತ್ ಬಳಕೆಯ ಗೆರೆಯನ್ನು ನೋಡಿದರೆ ಸಾಕು. ರಾತ್ರಿಯಿಡೀ ಫ್ಯಾನು, ಕೂಲರುಗಳ ಬಲದ ಮೇಲೆ ಸಮತಟ್ಟಾಗಿ ಸಾಗುವ ಗೆರೆ, ನಲ್ಲಿಯಲ್ಲಿ ನೀರು ಬಂದ ಕೂಡಲೇ ಮೇಲೇಳುತ್ತದೆ. ಮನೆಮನೆಯಲ್ಲೂ ನೀರನ್ನು ಮಾಳಿಗೆಯ ಟ್ಯಾಂಕಿಗೆ ಏರಿಸುವ ಮೋಟರು ಶುರುವಾಗುತ್ತದೆ, ಹಿಂದೆಯೇ ಮಿಕ್ಸರು ಕೂಗುತ್ತದೆ. ಅರ್ಧ ಗಂಟೆಯಲ್ಲಿ ಗೆರೆ ಒಂಟೆಯ ಬೆನ್ನಿನಂತಾಗುತ್ತದೆ. ಕಲಬುರಗಿಯ ಬೇಸಿಗೆ ಗಡಿಯಾರ ಕೇಂದ್ರದಲ್ಲಿ ಅದಕ್ಕೆ ‘ಗೂನು’ ಎಂದು ಹೆಸರಿಟ್ಟವನು ಆಪರೇಟರ್ ತಾಜುದ್ದೀನ್. ಆ ಗೂನಿನಿಂದ ಊರಿನ ಎಚ್ಚರವನ್ನು ಅಳೆಯಬಹುದೆಂದು ತೋರಿಸಿದವಳು ಕೇಂದ್ರದ ಮುಖ್ಯ ವಿಜ್ಞಾನಿ ಜಗದೇವಿ.

ಬೇಸಿಗೆಯಲ್ಲಿ ಕಚೇರಿ ಎಂಟಕ್ಕೆ ತೆರೆದು ಒಂದೂವರೆಗೆ ಮುಚ್ಚುವುದು ಈ ಸೀಮೆಯಲ್ಲಿ ಹಳೆಯ ರೂಢಿ. ಬಿಸಿಲು ನಲವತ್ತೆಂಟು ಡಿಗ್ರಿ ಮುಟ್ಟತೊಡಗಿದ ಮೇಲೆ ಅಷ್ಟು ಸಾಲದಾಯಿತು. ಇನ್ನೂ ಬೇಗ ತೆರೆಯಿರಿ ಎಂದರೆ ಬ್ಯಾಂಕು ಒಂದು ಸಮಯ ಹಿಡಿಯುತ್ತದೆ, ಶಾಲೆ ಇನ್ನೊಂದು, ಬಸ್ಸು ಮತ್ತೊಂದು. ಅದರ ಬದಲು ಗಡಿಯಾರವನ್ನೇ ಮುಂದೆ ಓಡಿಸಿದರೆ ಎಲ್ಲವೂ ಒಟ್ಟಿಗೆ ಸರಿಯುತ್ತವೆ ಎಂದು ಸರ್ಕಾರ ಯೋಚಿಸಿತು. ಮಾರ್ಚ್ ಮಧ್ಯದಿಂದ ಜೂನ್‌ವರೆಗೆ ಕೇಂದ್ರದ ಸಂಕೇತ ಹಿಡಿದು ಮೊಬೈಲು, ಶಾಲೆಯ ಗಂಟೆ, ಹಾಜರಿ ಯಂತ್ರ, ಬಸ್ ನಿಲ್ದಾಣದ ಗಡಿಯಾರ ಎಲ್ಲವೂ ದೇಶದ ವೇಳೆಗಿಂತ ಒಂದು ಗಂಟೆ ಮುಂದೆ ಹೋದವು. ಜನ ಇದನ್ನು ‘ಸರ್ಕಾರಿ ಟೈಮ’ ಎಂದರು, ಹಿಂದಿನದನ್ನು ‘ಸೂರ್ಯಾನ ಟೈಮ’ ಎಂದರು. ಮಸೀದಿಯ ಬಾಂಗು, ಪಂಚಾಂಗದ ರಾಹುಕಾಲ, ಎಮ್ಮೆಯ ಕೆಚ್ಚಲು ಸೂರ್ಯನ ಕಡೆಯೇ ಉಳಿದವು.

ಮೊದಲ ವರ್ಷ ಫಲ ಕಂಡಿತು. ಕಟ್ಟಡದ ಕೂಲಿಗಳು ಬಿಸಿಲು ಏರುವ ಮೊದಲೇ ಮನೆ ಸೇರಿದರು. ಬಿಸಿಲಿನ ಹೊಡೆತಕ್ಕೆ ಆಸ್ಪತ್ರೆ ಸೇರಿದವರು ಅರ್ಧದಷ್ಟಾದರು. ಆ ಅಂಕಿ ಬಂದ ದಿನ ಜಗದೇವಿ ಕೇಂದ್ರದಲ್ಲಿ ಎಲ್ಲರಿಗೂ ಸಿಹಿ ಮಾಲ್ಪುರಿ ತರಿಸಿದ್ದಳು. ಮೂರನೆಯ ವರ್ಷ ಬಿಸಿಲು ಇನ್ನೂ ಏರಿತೆಂದು ಸರ್ಕಾರವೇ ಅರ್ಧ ಗಂಟೆ ಸೇರಿಸಿತು. ಆಗ ಜಗದೇವಿ ಒಂದು ನಿಯಮ ಬರೆದುಕೊಟ್ಟಳು. ಗಡಿಯಾರ ಮುಂದೆ ಹೋದರೂ ಜನ ಮೊದಲಿನ ಹೊತ್ತಿಗೇ ಏಳುತ್ತಿದ್ದರೆ ಪ್ರಯೋಜನವಿಲ್ಲ. ಆದ್ದರಿಂದ ಏಪ್ರಿಲ್ ಕೊನೆಯ ಹದಿನೈದು ದಿನಗಳಲ್ಲಿ ಗೂನು ನಿಗದಿಯಾದ ಸರ್ಕಾರಿ ಐದು ಗಂಟೆಗಿಂತ ಅರ್ಧ ಗಂಟೆಯಷ್ಟು ಹಿಂದೆ ಬಿದ್ದಿದ್ದರೆ, ಮುಂದಿನ ವರ್ಷ ಗಡಿಯಾರವನ್ನು ಇನ್ನರ್ಧ ಗಂಟೆ ಮುಂದೂಡಬೇಕು. ಕಾಗದದ ಮೇಲೆ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ.

ನಾಲ್ಕನೆಯ ವರ್ಷ ಗಡಿಯಾರ ಎರಡು ಗಂಟೆ ಮುಂದೆ ಹೋಯಿತು, ಐದನೆಯ ವರ್ಷ ಎರಡೂವರೆ. ಈಗ ನಡೆಯುತ್ತಿರುವುದು ಆ ಐದನೆಯ ವರ್ಷ.

“ಮೇಡಂ, ಗೂನು ಮತ್ತ ಹಿಂದ ಬಿದ್ದದ,” ಎಂದ ತಾಜುದ್ದೀನ್, ಏಪ್ರಿಲ್ ಮೊದಲ ವಾರದ ಗೆರೆಗಳನ್ನು ದೊಡ್ಡ ಪರದೆಗೆ ತರುತ್ತಾ. “ಐದಕ್ಕ ಏಳ್ರೋ ಅಂದ್ರ ಆರೂವರಿಗೆ ಏಳ್ಲತ್ತಾರ. ಇವ್ರ ಹಿಂದ ನಾವು ಹೀಂಗೇ ಓಡ್ಕೋತ ಹೋದ್ರ ಒಂದಿನ ನಿನ್ನಿಗೇ ಹೋಗಿ ಮುಟ್ತೀವಿ ನೋಡ್ರಿ.”

ಜಗದೇವಿ ನಗಲಿಲ್ಲ. ಐದಕ್ಕೆ ಎಂದರೆ ಸೂರ್ಯನ ಲೆಕ್ಕದಲ್ಲಿ ಎರಡೂವರೆ. ಮುಂದಿನ ವರ್ಷ ಇನ್ನರ್ಧ ಗಂಟೆ ಸೇರಿದರೆ ಎರಡು. ತನ್ನ ನಿಯಮ ಎಲ್ಲೋ ಮುಗ್ಗರಿಸುತ್ತಿದೆ ಎಂದು ಅವಳಿಗೆ ಅನ್ನಿಸಿತ್ತು. ಎಲ್ಲಿ ಎಂದು ಗೊತ್ತಿರಲಿಲ್ಲ. ಅಳತೆಗೆಂದು ಅವಳು ಆರಿಸಿದ್ದ ಮಾದರಿ ಬಡಾವಣೆಗಳು ಒಂಬತ್ತು. ಬಾಡಿಗೆದಾರರು ಬಂದುಹೋಗುವ ಹೊಸ ಬಡಾವಣೆಗಳನ್ನು ಬಿಟ್ಟು, ತಲೆಮಾರಿನಿಂದ ಒಂದೇ ಕಡೆ ಇರುವ ಹಳೆಯ ಓಣಿಗಳನ್ನೇ ಹೆಚ್ಚಾಗಿ ಆರಿಸಿದ್ದಳು. ಅವುಗಳಲ್ಲಿ ಆರಕ್ಕೆ ಗುಡ್ಡದ ಟ್ಯಾಂಕಿನಿಂದ ನೀರು ಬರುತ್ತಿತ್ತು. ಅಲ್ಲಿ ನೀರು ಬಿಡುವವನು ಅವಳ ಗಂಡ ಅಂಬಾರಾಯ.

ಅದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ. ಅಂಬಾರಾಯ ವಾಲ್ವ್‌ಮನ್ ಆಗಿ ಸೇರಿದಾಗ ಅವಳಿನ್ನೂ ಕಾಲೇಜಿನಲ್ಲಿದ್ದಳು. ಅವನ ಸಂಬಳದಲ್ಲೇ ಓದು ಮುಗಿಸಿದವಳು. ಬೇಸಿಗೆಯಲ್ಲಿ ಅವನು ಹೊರಡುವಾಗ ಅವಳು ಮಲಗಿರುತ್ತಿದ್ದಳು, ಅವಳು ಬರುವಾಗ ಅವನು ಮಲಗಿರುತ್ತಿದ್ದ. ಕೆಲಸದ ಮಾತು ಮನೆಗೆ ತರುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ಯಾರಾದರೂ ಕೇಳಿದರೆ ಅಂಬಾರಾಯ, “ನಮ್ಮಾಕಿ ಕರೆಂಟಿನ ಆಫೀಸನ್ಯಾಗ ಅದಾಳ,” ಎನ್ನುತ್ತಿದ್ದ.

ಆ ರವಿವಾರ ಮಧ್ಯಾಹ್ನ ಬಾಗಿಲಿಗೆ ಬಂದವಳು ಗಂಗೂಬಾಯಿ. ಹಳೆ ಪೇಟೆಯಲ್ಲಿ ಅವಳದೊಂದು ಖಾನಾವಳಿ. ಮೂವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಾ ಬಂದ ಹೆಂಗಸು. ತಲೆಯ ಮೇಲೆ ಒದ್ದೆ ಟವೆಲು, ಕೈಯಲ್ಲಿ ಬಟ್ಟೆ ಸುತ್ತಿದ ಬುಟ್ಟಿ.

“ವೈನಿ, ಸಜ್ಜಿ ರೊಟ್ಟಿ ಅವ, ಶೇಂಗಾ ಹಿಂಡಿ ಅದ. ಅಣ್ಣಗ ಕೊಡ್ರಿ. ಮೊಮ್ಮಗನ ಜವಳದಾಗ ಕರಿಬೇಕಂದಿದ್ದೆ, ಬಿಸಲಾಗ ಯಾರೂ ಬರಲ್ಲಂತ ಬಿಟ್ಟೆ.”

“ಇಷ್ಟೆಲ್ಲ ಯಾಕ್ರಿ?”

“ಯಾಕಂದ್ರ? ಅಣ್ಣ ಇಲ್ಲಾಂದ್ರ ನಮ್ ಓಣ್ಯಾಗ ಅರ್ಧ ಮಂದಿ ಹುಚ್ಚಾಸ್ಪತ್ರ್ಯಾಗ ಇರ್ತಿದ್ವಿ.” ಗಂಗೂಬಾಯಿ ಕೂಲರಿನ ಮುಂದೆ ಕಾಲು ಚಾಚಿ ಕುಳಿತಳು. “ಗ್ವಾಡಿ ಕಾದು ಹಂಚಾಗಿರ್ತಾವ. ನಡರಾತ್ರಿ ದಾಟೂತನ ಒಳಗೂ ಮಲಗಾಕ ಆಗಲ್ಲ, ಮಾಳಗಿ ಮ್ಯಾಲೂ ಆಗಲ್ಲ. ಸೂರ್ಯಾನ ಟೈಮ ಎರಡಕ್ಕ ಸ್ವಲ್ಪ ತಂಪು ಬೀಳ್ತದ. ಆಗ ಕಣ್ಣು ಹತ್ತತಾವ. ಆಗೇ ನೀರು ಬಿಟ್ರ? ಹೋದ್ ಹೋದ್ ವರ್ಷ ಎಲ್ಲಾ ಹೆಣಮಕ್ಕಳು ಕೂಡಿ ಅಣ್ಣನ ಟ್ಯಾಂಕಿಗೇ ಹೋಗಿದ್ವಿ. ‘ಯಪ್ಪಾ, ಆ ಎರಡು ತಾಸು ನಿದ್ದಿ ಕಸೀಬ್ಯಾಡ’ ಅಂತ ಕೈ ಮುಗದ್ವಿ. ಪುಣ್ಯಾತ್ಮ. ಯಾವ ಟೈಮ ಏನರ ಆಗ್ಲಿ, ನಮಗ ಸೂರ್ಯಾನ ನಾಕಕ್ಕೇ ನೀರು.”

ಜಗದೇವಿ ಬುಟ್ಟಿಯನ್ನು ಕೈಯಲ್ಲಿ ಹಿಡಿದೇ ನಿಂತಳು. ಸೂರ್ಯನ ನಾಲ್ಕು ಎಂದರೆ ಸರ್ಕಾರಿ ಆರೂವರೆ. ತಾಜುದ್ದೀನನ ಪರದೆಯ ಮೇಲಿದ್ದ ಗೂನು ನೆನಪಾಯಿತು.

ಗಂಗೂಬಾಯಿ ಹೋದ ಮೇಲೆ ಅವಳು ಗಂಡನನ್ನು ಎಬ್ಬಿಸಿದಳು.

“ನೀವು ನೀರು ಎಷ್ಟಕ್ಕ ಬಿಡ್ತೀರಿ?”

ಅಂಬಾರಾಯ ಕಣ್ಣು ತಿಕ್ಕಿಕೊಂಡ. “ಇದನ್ನ ಕೇಳಾಕ ಎಬ್ಬಿಸಿದ್ಯಾ?”

“ಹೇಳ್ರಿ.”

“ಹಾಜರಿ ಬಟ್ಟು ಟೈಮಿಗೇ ಒತ್ತತೀನಿ. ಆಮ್ಯಾಲ ಟ್ಯಾಂಕಿನ ಕಟ್ಟಿ ಮ್ಯಾಲ ಸುಮ್ನ ಕುಂದರ್ತೀನಿ. ನಾಕಾತಂದ್ರ ತಿರುವ್ತೀನಿ.” ಅಲ್ಲಿ ತಾನಾಗಿ ತಿರುಗುವ ವಾಲ್ವ್ ಕೂಡಿಸಲು ಬಂದ ಗುತ್ತಿಗೆದಾರ ಅರ್ಧಕ್ಕೇ ಬಿಟ್ಟುಹೋಗಿದ್ದ, ಇವತ್ತಿಗೂ ಕಬ್ಬಿಣದ ಚಾವಿಯೇ. “ಯಾರಿಗೂ ಗೊತ್ತಾಗಲ್ಲ. ನಿನಗ್ಯಾರು ಹೇಳಿದ್ರು?”

ಅವಳು ನೆಲದ ಮೇಲೆ ಕುಳಿತು ಹೇಳಿದಳು. ಗೂನು ಎಂದರೇನು, ಮಾದರಿ ಓಣಿಗಳು ಯಾವುವು, ನಿಯಮ ಏನು ಹೇಳುತ್ತದೆ. ನೀರು ನಾಲ್ಕಕ್ಕೇ ಬಂದರೆ ಮೋಟರುಗಳು ನಾಲ್ಕಕ್ಕೇ ಶುರುವಾಗುತ್ತವೆ. ಗಡಿಯಾರ ಎಷ್ಟು ಮುಂದೆ ಹೋದರೂ ಗೂನು ನಿಂತಲ್ಲೇ ನಿಂತಿರುತ್ತದೆ. ಯಂತ್ರ ಅದನ್ನು ಜನರ ಸೋಮಾರಿತನ ಎಂದು ಓದುತ್ತದೆ, ಗಡಿಯಾರವನ್ನು ಇನ್ನೂ ಓಡಿಸುತ್ತದೆ. ಆರೇ ಓಣಿಗಳ ತಡ ಇಡೀ ವಿಭಾಗದ ತಡವಾಗಿ ಲೆಕ್ಕಕ್ಕೆ ಬರುತ್ತದೆ.

ಅಂಬಾರಾಯ ಎದ್ದು ಕುಳಿತ. “ಅಂದ್ರ, ನಾ ತಡಾ ಬಿಟ್ಟಷ್ಟೂ ನೀ ಮುಂದ ಓಡಿಸ್ಲತ್ತಿದ್ದಿ?”

“ನಾ ಅಲ್ಲ. ನಿಯಮ.”

“ನಿಯಮ ಯಾರು ಬರದ್ರು?”

ಅವಳು ರೊಟ್ಟಿಯ ಬುಟ್ಟಿಗೆ ಬಟ್ಟೆಯನ್ನು ಮತ್ತೆ ಸುತ್ತಿದಳು.

“ಒಳ್ಳೆ ಸಂಸಾರ ಮಾಡಿದ್ವಿ ಬಿಡು,” ಎಂದು ಅವನು ನಕ್ಕ. ನಗು ಬೇಗ ಹೋಯಿತು. “ಹೇಳಿಬಿಡು ನಿಮ್ಮ ಸಾಹೇಬ್ರಿಗೆ. ತಪ್ಪು ಅಳತಿ ಅಂತ ಹೇಳು. ಗಡಿಯಾರ ಹಿಂದ ತರ್ಲಿ.”

“ಹೇಳಿದ್ರ ಮೊದಲು ಯಾರು ತಡಾ ಬಿಟ್ಟವ ಅಂತ ಕೇಳ್ತಾರ. ಕಾಯ್ದ್ಯಾಗ ಅದ: ನೀರು, ಬಸ್ಸು, ದವಾಖಾನಿ, ಇವು ಬೇಕಂತಲೇ ಟೈಮ ತಪ್ಪಿಸಿದ್ರ ನೌಕರಿಯಿಂದ ತಗಿತಾರ.”

“ತಗದ್ರ ತಗೀಲಿ. ನಿನ್ನ ಪಗಾರ ಇಲ್ಲೇನು?”

ಅವನು ಇದನ್ನು ಹೇಳಿದ ರೀತಿಯಲ್ಲಿ ತಮಾಷೆ ಇರಲಿಲ್ಲ. ಆದರೆ ಅವಳು ಅದನ್ನು ತಮಾಷೆ ಎಂದೇ ತೆಗೆದುಕೊಂಡಳು. ಓಣಿಯವರೆಲ್ಲ ಅಣ್ಣ ಎನ್ನುವ ಮನುಷ್ಯ ವಿಚಾರಣೆಯ ಮುಂದೆ ಕೈಕಟ್ಟಿ ನಿಲ್ಲುವುದನ್ನು ನೆನೆಯಲೂ ಅವಳಿಗೆ ಆಗಲಿಲ್ಲ. ಅವಳಿಗೆ ಇನ್ನೊಂದು ದಾರಿ ಹೊಳೆದಿತ್ತು. ಯಾರ ಹೆಸರೂ ಹೊರಗೆ ಬರದ, ಚೊಕ್ಕಟವಾದ ದಾರಿ.

“ಏಪ್ರಿಲ್ ಕೊನಿ ಹದಿನೈದು ದಿನ ಅಷ್ಟೇ ಅಳತಿ,” ಎಂದಳು. “ಆ ಹದಿನೈದು ದಿನ ನೀವು ಸರ್ಕಾರಿ ಐದಕ್ಕೇ ನೀರು ಬಿಡ್ರಿ. ಗೂನು ತನ್ನ ಜಾಗಕ್ಕ ಬರ್ತದ. ಗಡಿಯಾರ ಇನ್ನ ಮುಂದ ಹೋಗಲ್ಲ. ಮೇ ಒಂದಕ್ಕ ಮತ್ತ ನಿಮ್ಮ ನಾಕಕ್ಕ ಹೋಗ್ರಿ. ಬರೋ ವರ್ಷ ನಾ ನಿಯಮಾನೇ ತಿದ್ದಸ್ತೀನಿ.”

“ಹೆಣಮಕ್ಕಳಿಗೆ ಏನ್ ಹೇಳ್ಲಿ?”

“ಏನೂ ಹೇಳಬ್ಯಾಡ್ರಿ. ಹೇಳಿದ್ರ ಊರೆಲ್ಲಾ ಆಗ್ತದ.”

ಅಂಬಾರಾಯ ರೊಟ್ಟಿಯ ಬುಟ್ಟಿಯ ಕಡೆ ನೋಡಿದ. “ಹದಿನೈದು ದಿನ,” ಎಂದ. ಅದು ಒಪ್ಪಿಗೆಯೋ ಪ್ರಶ್ನೆಯೋ ಅವಳು ಕೇಳಲಿಲ್ಲ.

ಏಪ್ರಿಲ್ ಹದಿನಾರರಂದು ಗುಡ್ಡದ ಟ್ಯಾಂಕಿನ ಓಣಿಗಳಲ್ಲಿ ಐದಕ್ಕೆ ಸರಿಯಾಗಿ ನೀರು ಬಂತು. ಮೊದಲ ದಿನ ಯಾರಿಗೂ ಗೊತ್ತಾಗಲಿಲ್ಲ. ಎದ್ದವರಿಗೆ ಖಾಲಿ ನಲ್ಲಿ ಸಿಕ್ಕಿತು. ಎರಡನೆಯ ದಿನದಿಂದ ಕಾಯತೊಡಗಿದರು. ನಲ್ಲಿಯ ಕೆಳಗೆ ಕೊಡ ಇಟ್ಟು ಅದರ ಪಕ್ಕದಲ್ಲೇ ಮಲಗಿದರು. ಯಾರೋ ಟ್ಯಾಂಕಿನ ಬೇಲಿಯಾಚೆ ನಿಂತು, “ಏ ಅಣ್ಣಾ, ನಿನ್ನ ಗಡಿಯಾರಕ್ಕ ಏನಾತೋ?” ಎಂದು ಕೂಗಿದರು. ಅಂಬಾರಾಯ ಕೇಳಿಸದವನಂತೆ ಚಾವಿ ತಿರುಗಿಸಿದ. ವಾರದ ಕೊನೆಗೆ ಕೂಗುವುದನ್ನೂ ನಿಲ್ಲಿಸಿದರು.

ಕೇಂದ್ರದಲ್ಲಿ ತಾಜುದ್ದೀನ್ ಪರದೆಯ ಮುಂದೆ ಕುರ್ಚಿಯಿಂದ ಎದ್ದೇ ನಿಂತಿದ್ದ. “ಮೇಡಂ, ಇಲ್ಲಿ ಬರ್ರಿ! ಐದು ವರ್ಷದ ಗೂನು ನೆಟ್ಟಗಾಗ್ಯದ. ಯಾವ ಡಾಕ್ಟರ್ ಆಪರೇಷನ್ ಮಾಡ್ದಾ?”

“ಜನ ರೂಢಿ ಮಾಡ್ಕೊಂಡಾರ ಅನ್ಸ್ತದ,” ಎಂದಳು ಜಗದೇವಿ. ಬಾಯಿಂದ ಬಿದ್ದ ಮೇಲೆ ಆ ವಾಕ್ಯ ಅವಳಿಗೆ ಹಿಡಿಸಲಿಲ್ಲ. ಆದರೆ ತಾಜುದ್ದೀನ್ ಅದನ್ನೇ ಆ ದಿನದ ವರದಿಯ ತಲೆಬರಹವಾಗಿ ಹಾಕಿ ಬೆಂಗಳೂರಿಗೆ ಕಳಿಸಿದ್ದ.

ಹನ್ನೊಂದನೆಯ ದಿನ ಅಂಬಾರಾಯ ಕೆಲಸ ಮುಗಿಸಿ ಮನೆಗೆ ಬಂದು ಮಲಗಲಿಲ್ಲ. ಅವಳು ಕೇಂದ್ರದಿಂದ ಬರುವವರೆಗೂ ಪಡಸಾಲೆಯಲ್ಲಿ ಕುಳಿತಿದ್ದ.

“ಗಂಗೂಬಾಯಿ ಕೈ ಸುಟ್ಟದ,” ಎಂದ. “ನೀರು ತುಂಬಿಕೊಂಡು, ಹಿಟ್ಟು ನಾದಿಕೊಂಡು ಹಂಚಿನ ಮುಂದ ಕುಂತಾಳ. ಕುಂತಲ್ಲೇ ತೂಕಡಿಸ್ಯಾಳ. ಅಂಗೈ ಪೂರ್ತಿ ಹಂಚಿನ ಮ್ಯಾಲ.”

“ಯಾವ ಕೈ?”

“ಬಲಗೈ. ಬಡಿಯೋ ಕೈ.”

ಕೂಲರು ಸದ್ದು ಮಾಡುತ್ತಿತ್ತು. ಅವನು ಮತ್ತೆ ಮಾತಾಡಿದಾಗ ದನಿ ಸಣ್ಣಗಿತ್ತು. “ನಾಳಿಂದ ನಾಕಕ್ಕ ಬಿಡ್ತೀನಿ.”

“ಇನ್ನ ನಾಕು ದಿನ ಅದ ಅಷ್ಟೇ,” ಎಂದಳು ಜಗದೇವಿ. “ಈಗ ಬಿಟ್ರ ಗೂನು ಎರಡು ತುಂಡಾಗ್ತದ, ಎಲ್ಲಾ ಬಯಲಾಗ್ತದ. ಇಷ್ಟು ದಿನದ ಕಷ್ಟಾನೂ ಹಾಳು.”

ಅವನು ಎದ್ದು ಒಳಗೆ ಹೋದ. ನಾಲ್ಕು ದಿನವೂ ಐದಕ್ಕೇ ನೀರು ಬಿಟ್ಟ. ಅವಳ ಜೊತೆ ಮಾತ್ರ ಮಾತಾಡಲಿಲ್ಲ.

ಮೇ ತಿಂಗಳ ಎರಡನೆಯ ದಿನ ಪರಿಶೀಲನಾ ಸಭೆ. ಬೆಂಗಳೂರಿನಿಂದ ಕಾರ್ಯದರ್ಶಿ ಪರದೆಯ ಮೇಲೆ ಕಾಣಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ, ಅಂಕಿಗಳನ್ನು ಓದಿಕೊಂಡೇ ಬರುವವರು.

“ಜಗದೇವಿಯವರೇ, ಮೊದಲಿಗೆ ಅಭಿನಂದನೆ. ಗಡಿಯಾರ ಇನ್ನು ಮುಂದೆ ಹೋಗೋ ಅಗತ್ಯ ಇಲ್ಲ, ಅಲ್ವಾ?”

“ಇಲ್ಲ ಸರ್.” ಅವಳ ಎದೆಯಿಂದ ಭಾರ ಇಳಿದಂತಾಯಿತು. ಇಷ್ಟಕ್ಕೇ ಅಲ್ಲವೇ ಎಲ್ಲ.

“ಹಾಗಾದ್ರೆ ಮುಖ್ಯ ವಿಷಯಕ್ಕೆ ಬರೋಣ. ವರ್ಷಕ್ಕೆ ಎರಡು ಸಲ ಗಡಿಯಾರ ಬದಲಾಯಿಸೋದ್ರಿಂದ ತೊಂದರೆ ಅಂತ ನಮಗೆ ರಾಶಿ ದೂರು ಬಂದಿವೆ. ನಿದ್ದೆ ಕೆಡುತ್ತೆ, ಬ್ಯಾಂಕಿನ ಲೆಕ್ಕ ತಪ್ಪುತ್ತೆ. ಹೀಗೆ ಬದಲಾಯಿಸ್ತಾ ಇರೋದಕ್ಕೆ ಇನ್ನು ಅರ್ಥ ಇಲ್ಲ ಅನ್ನೋದು ಸಮಿತಿಯ ಅಭಿಪ್ರಾಯ. ಎರಡರಲ್ಲಿ ಒಂದನ್ನ ಇಟ್ಕೊಳ್ಳಬೇಕು. ಜನ ಯಾವುದಕ್ಕೆ ಹೊಂದ್ಕೊಂಡಿದ್ದಾರೆ ಅನ್ನೋದೊಂದೇ ನಮಗೆ ಅನುಮಾನ ಇತ್ತು. ಈಗ ನಿಮ್ಮ ಗೆರೆಗಳೇ ಉತ್ತರ ಕೊಟ್ಟಿವೆ. ವರ್ಷಪೂರ್ತಿ ಬೇಸಿಗೆ ಗಡಿಯಾರವೇ ಇರಲಿ.”

ತಾಜುದ್ದೀನ್ ಮೇಜಿನ ಆ ತುದಿಯಿಂದ ಅವಳ ಕಡೆ ನೋಡಿದ.

“ಸರ್, ಜನವರಿಯಲ್ಲಿ ಸೂರ್ಯ ಹುಟ್ಟುವಾಗ ಆ ಗಡಿಯಾರದಲ್ಲಿ ಒಂಬತ್ತೂಕಾಲು ಆಗಿರುತ್ತದೆ,” ಎಂದಳು ಜಗದೇವಿ. “ಮಕ್ಕಳು ಕತ್ತಲಲ್ಲಿ ಶಾಲೆಗೆ ಹೋಗಬೇಕಾಗುತ್ತದೆ.”

“ಬೀದಿ ದೀಪಕ್ಕೆ ಹಣ ಇಟ್ಟಿದ್ದೀವಿ.”

“ರಾತ್ರಿ ಗೋಡೆ ಆರುವುದು ಎರಡು ಗಂಟೆಗೆ, ಸೂರ್ಯನ ಎರಡು. ನಾವು ಜನರನ್ನು ಎಬ್ಬಿಸುತ್ತಿರುವುದೂ ಆಗಲೇ. ಹಗಲಿನ ಬಿಸಿಲಿನಿಂದ ಉಳಿಸಿದ್ದನ್ನು ರಾತ್ರಿಯ ನಿದ್ದೆಯಲ್ಲಿ ಕಳೆಯುತ್ತಿದ್ದೇವೆ.”

“ಹಾಗಿದ್ರೆ ಅದು ಗೆರೆಯಲ್ಲಿ ಕಾಣಬೇಕಿತ್ತಲ್ಲ? ಜನ ಏಳೋದು ತಡ ಆಗಬೇಕಿತ್ತು. ಹಿಂದಿನ ವರ್ಷಗಳಲ್ಲಿ ಆಗಿತ್ತು, ಈ ಸಲ ಆಗಿಲ್ಲ. ನೀವೇ ಬರೆದಿದ್ದೀರಿ, ಜನ ರೂಢಿ ಮಾಡ್ಕೊಂಡಿದ್ದಾರೆ ಅಂತ.” ಕಾರ್ಯದರ್ಶಿ ಕನ್ನಡಕ ತೆಗೆದರು. “ಈ ಸಲದ ಅಳತೆಯಲ್ಲಿ ಏನಾದ್ರೂ ದೋಷ ಇದ್ರೆ ಈಗ್ಲೇ ಹೇಳಿ. ನಾನು ಕಡತ ನಿಲ್ಲಿಸ್ತೀನಿ.”

ಅವರು ನಿಜವಾಗಿಯೂ ನಿಲ್ಲಿಸುತ್ತಿದ್ದರು. ಅದು ಜಗದೇವಿಗೆ ಗೊತ್ತಿತ್ತು. ಆ ಗೂನನ್ನು ಒಬ್ಬ ಮನುಷ್ಯ ಕೈಯಿಂದ ತಿರುಗಿಸಿದ, ತಿರುಗಿಸೆಂದು ಹೇಳಿದವಳು ತಾನೇ, ಇಷ್ಟೇ ಹೇಳಬೇಕಿತ್ತು. ಆಮೇಲೆ ಅವನ ಹೆಸರು, ಅವನ ಹುದ್ದೆ, ಅವನಿಗೂ ತನಗೂ ಇರುವ ಸಂಬಂಧ. ಇಪ್ಪತ್ತೆಂಟು ವರ್ಷ ಒಂದು ದಿನವೂ ಹಾಜರಿ ತಪ್ಪಿಸದವನು. ಪರದೆಯ ಮೇಲೆ ಆರು ಜನ ಅಧಿಕಾರಿಗಳ ಮುಖಗಳು ಕಾಯುತ್ತಿದ್ದವು.

“ದೋಷ ಇಲ್ಲ ಸರ್,” ಎಂದಳು.

ಸಭೆ ಮುಗಿದ ಮೇಲೆ ತಾಜುದ್ದೀನ್ ಚಹಾ ತಂದಿಟ್ಟ. “ಇನ್ನ ಈ ಕೇಂದ್ರಕ್ಕ ಕೆಲಸ ಇಲ್ಲ ಅಲ್ರಿ ಮೇಡಂ? ಬದಲಾವಣೆನೇ ಇಲ್ಲಂದ್ರ ಅಳೆಯೋದು ಏನು?” ಅವಳು ಚಹಾ ಮುಟ್ಟಲಿಲ್ಲ.

ಬಿಸಿಲು ಇಳಿದ ಮೇಲೆ ಅವಳು ಗಂಡನೊಂದಿಗೆ ಹಳೆ ಪೇಟೆಗೆ ಹೋದಳು. ವರ್ಷಪೂರ್ತಿ ಸರ್ಕಾರಿ ಟೈಮೇ ಎಂಬ ಆದೇಶದ ಸುದ್ದಿ ಆಗಲೇ ಎಲ್ಲರ ಮೊಬೈಲಿಗೆ ಬಂದಿತ್ತು. ಖಾನಾವಳಿಯಲ್ಲಿ ಒಲೆಯ ಮುಂದೆ ಗಂಗೂಬಾಯಿಯ ಸೊಸೆ ಕುಳಿತಿದ್ದಳು. ಅವಳ ಕೈಯಲ್ಲಿ ರೊಟ್ಟಿ ಅಂಚು ಹರಿದು ದಪ್ಪಗಾಗುತ್ತಿತ್ತು. ಗಂಗೂಬಾಯಿ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪಕ್ಕದಲ್ಲಿದ್ದಳು.

“ಕುಂದರ್ರಿ ವೈನಿ. ಅಣ್ಣಾ, ಆ ಮಣಿ ತಗೊಂಡು ಕುಂದರು.” ಅವಳು ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿದಳು. “ಚರ್ಮ ಬರ್ತದಂತ, ಖರೆ ಬಿಗದು ಬರ್ತದಂತ. ಅಂಗೈ ಪೂರ್ತಿ ಬಿಚ್ಚಾಕ ಬರಲ್ಲಂತ ಡಾಕ್ಟರ್ ಹೇಳ್ಯಾರ. ಬಿಚ್ಚಿದ ಅಂಗೈ ಇಲ್ಲಂದ್ರ ರೊಟ್ಟಿ ಎಲ್ಲಿ ಬರ್ತದ? ನಮ್ಮ ಸೊಸಿ ಬಡೀತಾಳ, ನೋಡ್ರಿ, ಗೂಳಿ ಕಿವಿ ಆದಂಗ ಆಗ್ಲತ್ತಾವ.”

“ಅತ್ತಿ, ಮಂದಿ ಮುಂದ ಬ್ಯಾಡ,” ಎಂದು ಸೊಸೆ ನಗಲು ನೋಡಿದಳು.

ಗಂಗೂಬಾಯಿ ಎಡಗೈಯಿಂದ ಇಬ್ಬರ ತಟ್ಟೆಗೂ ರೊಟ್ಟಿ ಹಾಕಿದಳು, ಪುಂಡಿ ಪಲ್ಯ ಹಾಕಿದಳು. ಆಮೇಲೆ ಅಂಬಾರಾಯನ ಕಡೆ ತಿರುಗಿದಳು.

“ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಇಷ್ಟು ವರ್ಷ ನಮ್ ಸಲುವಾಗಿ ತಡದಿದ್ದಿ. ಈ ಸಲ ಯಾಕ ಕೈ ಬಿಟ್ಟಿ? ಯಾರರ ಹೇಳಿದ್ರೇನು?”

ಅಂಬಾರಾಯ ಹೆಂಡತಿಯ ಕಡೆ ನೋಡಲಿಲ್ಲ. “ಯಾರೂ ಹೇಳಿಲ್ಲವ್ವ,” ಎಂದ. “ನನಗೇ ಅಂಜಿಕಿ ಬಂತು.”

“ಬರ್ತದ ಬಿಡು. ನೌಕರಿ ಅಲ್ಲ.” ಗಂಗೂಬಾಯಿ ತಲೆಯಾಡಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮೊದಲಿನ ಸಲುಗೆಯೂ ಇರಲಿಲ್ಲ.

ನಾನೇ ಹೇಳಿದ್ದು ಎಂದು ಜಗದೇವಿ ಹೇಳಬೇಕೆಂದಿದ್ದಳು. ಬಾಯಲ್ಲಿ ತುತ್ತಿತ್ತು. ಒರಟು ರೊಟ್ಟಿ ಬೇಗ ಇಳಿಯಲಿಲ್ಲ. ಅದು ಇಳಿಯುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿತ್ತು.

“ನಾಳಿಂದ ನೀರು ಎಷ್ಟಕ್ಕ ಅಣ್ಣಾ?” ಎಂದು ಸೊಸೆ ಕೇಳುತ್ತಿದ್ದಳು, ಹಿಟ್ಟಿನ ಕೈಯನ್ನು ತಡೆದು.

“ಐದಕ್ಕ.”

“ಯಾವ ಐದಕ್ಕ?”

“ಇನ್ನ ಒಂದೇ ಐದು ಅದವ್ವ,” ಎಂದ ಅಂಬಾರಾಯ.